ಚಿಕ್ಕಕ್ಕ ಕೂರುವ ವಾಕ್ಯ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ದೇಶ ಕಟ್ಟುವವರು ಮೊದಲು ಒಂದು ಪೀಠಿಕೆ ಬರೆದುಕೊಳ್ಳುತ್ತಾರೆ, ಕಥೆ ಕಟ್ಟುವವರು ಮಾತ್ರ ಯಾಕೆ ಸೀದಾ ಅಂಗಳಕ್ಕೆ ಇಳಿದುಬಿಡಬೇಕು ಎಂದು ಕೊಪ್ಪದಲ್ಲಿ ಇತಿಹಾಸದ ಲೆಕ್ಚರರ್ ಆಗಿರುವ ಭವ್ಯಳಿಗೆ ಅನ್ನಿಸಿತು. ಆದ್ದರಿಂದ ಓದುಗರೇ, ಮೊದಲು ಪೀಠಿಕೆ:

ಈ ಕಥೆಯಲ್ಲಿ ಎಲ್ಲ ಪಾತ್ರಗಳೂ ಸಮಾನ. ಬರೆಯುವವಳಿಗೂ ವಿನಾಯಿತಿ ಇಲ್ಲ. ಅವಳು 'ನಾನು' ಅನ್ನುವಂತಿಲ್ಲ, ಎಲ್ಲರ ಹಾಗೆ ಹೆಸರು ಹಿಡಿದು ಕರೆಸಿಕೊಳ್ಳಬೇಕು.

(ಇಷ್ಟು ಬರೆದು ಭವ್ಯಳಿಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಹೋಗಿ ಎರಡು ಕೋಡುಬಳೆ ತಿಂದು ಬಂದಳು.)

೨

ಕಥೆ ಸರಳ. ನವೆಂಬರ್ ಇಪ್ಪತ್ತಾರು, ಸಂವಿಧಾನ ದಿನ. ಬಸರೀಕಟ್ಟೆಯ ಸಮುದಾಯ ಭವನದ ರಿಪೇರಿ ನಡೆದಿದೆ, ಹಾಗಾಗಿ ಕಾರ್ಯಕ್ರಮ ಕಾಫಿ ತೋಟದ ಸುಬ್ಬಯ್ಯನವರ ಅಂಗಳದಲ್ಲಿ. ಸಂವಿಧಾನದ ಪೀಠಿಕೆ ಓದುವವಳು ಅನಿತಾ, ಶೃಂಗೇರಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳ ತಾಯಿ ಚಿಕ್ಕಕ್ಕ ಮೂವತ್ತು ವರ್ಷದಿಂದ ಸುಬ್ಬಯ್ಯನವರ ಮನೆಗೆಲಸದವಳು. ಚಿಕ್ಕಕ್ಕನ ಅಪ್ಪ ಅದೇ ಮನೆಯಲ್ಲಿ ಜೀತಕ್ಕಿದ್ದವನು. ಆ ಮನೆಯ ಕುರ್ಚಿಗಳನ್ನು ಚಿಕ್ಕಕ್ಕ ಸಾವಿರ ಸಲ ಎತ್ತಿಟ್ಟಿದ್ದಾಳೆ, ಒಂದು ಸಲವೂ ಕೂತಿಲ್ಲ. ಅಮ್ಮ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತರೆ ಮಾತ್ರ ಓದುತ್ತೇನೆ ಎಂದು ಅನಿತಾ ಹಟ ಹಿಡಿದಿದ್ದಾಳೆ.

(ಈ ಸುಬ್ಬಯ್ಯನವರು ಅಚ್ಚು ಭವ್ಯಳ ದೊಡ್ಡಪ್ಪನ ಹಾಗೇ ಇದ್ದಾರೆ. ಆಕಸ್ಮಿಕ ಎಂದು ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಬೇಕು.)

೩

ಮೊದಲ ಕರಡು: "ಸುಬ್ಬಯ್ಯನವರು ಜಗಲಿಗೆ ಬಂದರು. ಚಿಕ್ಕಕ್ಕ ಗೇಟು ತೆಗೆದಳು. ಚಿಕ್ಕಕ್ಕ ಕುರ್ಚಿ ಹಾಕಿದಳು. ಚಿಕ್ಕಕ್ಕ ಮೈಕಿನ ವೈರು ಎಳೆದಳು. ಅತಿಥಿಗಳು ಬಂದರು. ಚಿಕ್ಕಕ್ಕ ಕಾಫಿ ತಂ"

ಅಲ್ಲಿಗೆ ಚಿಕ್ಕಕ್ಕ ಕಾಫಿ ಟ್ರೇಯನ್ನು ವಾಕ್ಯದ ನಡುವೆಯೇ ಕುಕ್ಕಿ ನಿಂತಳು.

"ಭವ್ಯಮ್ಮ, ಒಂದು ಮಾತು ಕೇಳ್ಲಾ?"

"ಎಂತ ಚಿಕ್ಕಕ್ಕ, ಹೇಳು."

"ಈ ಕತೇಲಿ ಎಲ್ರೂ ಸಮ ಅಂದ್ರಲ್ಲ. ಕೆಲಸ ಎಲ್ಲ ನಾನೊಬ್ಳೇ ಮಾಡ್ತಾ ಇದೀನಿ. ಅಯ್ಯೋರು ಬಂದ್ರು, ಅಷ್ಟೆ. ಬಂದಾಗಿಂದ ಒಂದು ಕಡ್ಡಿ ಎತ್ತಿ ಆಚೆ ಇಟ್ಟಿಲ್ಲ."

"ಕತೆ ಮುಂದೆ ಹೋಗ್ಬೇಕಲ್ಲ ಮಾರಾಯ್ತಿ."

"ಅವರು ದೂಡಿದ್ರೆ ಹೋಗಲ್ವಾ?"

ಹಿಂದಿನಿಂದ ಅನಿತಾ ಇಣುಕಿದಳು. "ಅಲ್ದೆ ಮೇಡಂ, ಸುಬ್ಬಯ್ಯನವರು ಬಂದರು, ನಮ್ಮಮ್ಮ ಹಾಕಿದಳು. ಇದೆಂತ ಸಮಾನತೆ?"

ಭವ್ಯಳ ಕಿವಿ ಬಿಸಿಯಾಯಿತು. ಪ್ರತಿ ವರ್ಷ ಅವಳು ಕ್ಲಾಸಿನಲ್ಲಿ ಅಮೆರಿಕದ ಪಾಠ ಮಾಡುತ್ತಾಳೆ. ಮನುಷ್ಯರೆಲ್ಲ ಸಮಾನರು ಎಂದು ಘೋಷಣೆ ಹೊರಡಿಸಿದ ಎಷ್ಟೋ ಮಹನೀಯರ ಮನೆಯಲ್ಲೇ ಗುಲಾಮರಿದ್ದರು, ಅವರಿಗೆ ಅದು ಕಾಣಲೇ ಇಲ್ಲವೇ ಎಂದು ಕೇಳಿ ಹುಡುಗರನ್ನು ನಗಿಸುತ್ತಾಳೆ. ಆ ಜೋಕಿಗೆ ಅವಳು ಕಾಲೇಜಿನಲ್ಲಿ ಪ್ರಸಿದ್ಧಳು.

೩, ತಿದ್ದಿದ್ದು

ಫೈಂಡ್ ಅಂಡ್ ರಿಪ್ಲೇಸ್ ಒತ್ತಿ ಭವ್ಯ ಎಲ್ಲರಿಗೂ ಒಂದೇ ಏಟಿಗೆ ಮರ್ಯಾದೆ ಕೊಟ್ಟರು. ಚಿಕ್ಕಕ್ಕ ಬಂದರು, ಅನಿತಾ ನಕ್ಕರು. ಸುಬ್ಬಯ್ಯನವರ ನಾಯಿಯವರು ಬೊಗಳಿದರು, ಕಾಫಿಯವರು ಆರಿಹೋದರು. ಕಾಫಿಯನ್ನು ವಾಪಸ್ ಕಾಫಿ ಮಾಡಲಾಯಿತು. ನಾಯಿಯವರನ್ನು ಹಾಗೇ ಬಿಡಲಾಗಿದೆ.

೫

(ನಾಲ್ಕನೆಯದು ರಜೆ ಹಾಕಿದೆ.)

ಈಗ ಮುಕ್ತಾಯಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಭವ್ಯ ಹೇಳುವವರಿದ್ದರು, ಆದರೆ ಪಾತ್ರಗಳು ನಿಮ್ಮ ತನಕ ಬಿಡಲಿಲ್ಲ.

ಸುಬ್ಬಯ್ಯನವರು ಕಣ್ಣೀರು ಒರೆಸಿಕೊಂಡು ತಮ್ಮ ಕುರ್ಚಿಯನ್ನೇ ಚಿಕ್ಕಕ್ಕನಿಗೆ ಬಿಟ್ಟುಕೊಡುತ್ತಾರೆ. "ಆಗ ಅದು ಅವರ ಫೋಟೋ ಆಯ್ತು ಮೇಡಂ," ಎಂದರು ಅನಿತಾ. "ನಮ್ಮಮ್ಮ ಹಿಂದುಗಡೆ ಬ್ಲರ್ ಆಗಿರ್ತಾರೆ."

ಸರಿ, ಕುರ್ಚಿಗಳೇ ಬೇಡ, ಎಲ್ಲರೂ ಜಮಖಾನ ಹಾಸಿ ನೆಲದ ಮೇಲೆ. "ಎಂತ ಮಾರಾಯ್ತಿ, ಈ ಮಂಡಿ ಇಟ್ಕೊಂಡು ನಾ ನೆಲದಲ್ಲಿ ಕೂರೂಕೆ ಆಗ್ತದಾ?" ಎಂದು ಸುಬ್ಬಯ್ಯನವರು. ಆಶ್ಚರ್ಯವೆಂದರೆ ಚಿಕ್ಕಕ್ಕನೂ ಒಪ್ಪಲಿಲ್ಲ. "ನೆಲ ನಂಗೇನು ಹೊಸದಾ? ಅವರು ನೆಲಕ್ಕೆ ಬಂದ್ರೆ ಪೇಪರಲ್ಲಿ ಬತ್ತದೆ. ನಂಗೆ ಕುರ್ಚಿ ಬೇಕು."

"ಕುರ್ಚಿಯೇ ಯಾಕೆ?" ಎಂದು ಭವ್ಯ ಕೇಳಿದರು.

"ಕೂಸು ಓದೋವಾಗ ನನ್ನ ಮುಖ ನೋಡ್ಬೇಕು. ನಾನು ಅವಳ ಮುಖ ನೋಡ್ಬೇಕು. ಯಾವತ್ತಿನ ಹಾಗೆ ಲೋಟ ತೊಳೀತಾ ಬಚ್ಚಲ ಹತ್ರ ನಿಂತ್ರೆ ಅಂಗಳ ಕಾಣ್ತದಾ?"

ಭವ್ಯ ಎರಡೂ ಮುಕ್ತಾಯಗಳನ್ನು ಅಳಿಸಿದರು.

೬

ಅಂದರೆ ಬೇಕಿರುವುದು ಒಂದೇ ವಾಕ್ಯ. ಭವ್ಯ ಇದುವರೆಗಿನ ಕಥೆಗಳಲ್ಲಿ ಎರಡು ಕೊಲೆ, ಒಂದು ಭೂಕಂಪ, ಹನ್ನೊಂದು ಮದುವೆ ಸಲೀಸಾಗಿ ಬರೆದವರು. "ಚಿಕ್ಕಕ್ಕ ಕೂತರು" ಎಂದು ಟೈಪ್ ಮಾಡಿದರು. ಪೂರ್ಣವಿರಾಮ ಹಾಕುವಷ್ಟರಲ್ಲಿ ಅಂಗಳದಿಂದ ಯಾರೋ "ಚಿಕ್ಕಕ್ಕಾ, ನೀರು" ಎಂದು ಕೂಗಿದರು, ಚಿಕ್ಕಕ್ಕ ಎದ್ದುಬಿಟ್ಟರು. ಇನ್ನೊಮ್ಮೆ ಕೂರಿಸಿದರು. "ಚಿಕ್ಕಕ್ಕಾ, ಚಾಪೆ." ಮತ್ತೊಮ್ಮೆ. "ಚಿಕ್ಕಕ್ಕಾ, ನಾಯಿಯವರನ್ನು ಕಟ್ಟು."

ಕೂಗುತ್ತಿದ್ದುದು ಸುಬ್ಬಯ್ಯನವರಲ್ಲ. ನಾನು. (ಕ್ಷಮಿಸಿ, ಭವ್ಯ.) ಐದು ವರ್ಷದ ಮಗುವಾಗಿದ್ದಾಗ ದೊಡ್ಡಪ್ಪನ ಮನೆಯಲ್ಲಿ ಕಲಿತ ಕೂಗು, ಬಾಯಿಗೆ ಅಷ್ಟು ಸಲೀಸಾಗಿ ಬರುವ ಇನ್ನೊಂದು ಶಬ್ದ ಭವ್ಯರಿಗೆ ಗೊತ್ತಿಲ್ಲ. ನಾಚಿಕೆಯಾಯಿತು, ನಗುವೂ ಬಂತು.

"ನೀನು ಕೂರು ಚಿಕ್ಕಕ್ಕ. ಅಲ್ಲ, ನೀವು ಕೂರಿ."

"ನೀವು ಕೂರ್ಸಿದ್ರೆ ನಾನು ಕೂತಂಗೆ ಆಗ್ತದಾ ಭವ್ಯಮ್ಮ? ಅದನ್ನ ನಾ ನೋಡ್ಕಳ್ತೆ. ಮೊದ್ಲು ಈ ಕಾಫಿ ಯಾರು ಕೊಡ್ತಾರೆ ಹೇಳಿ."

ಓದುಗರೇ, ಅಂಗಳದಲ್ಲಿ ನಲವತ್ತು ಜನ. ನೀವೂ ಸೇರಿ ಯಾರೂ ಕೈಯೆತ್ತಲಿಲ್ಲ.

೭

ಭವ್ಯ ಲ್ಯಾಪ್‌ಟಾಪ್ ಮುಚ್ಚಿ ಸೆರಗು ಸಿಕ್ಕಿಸಿಕೊಂಡು ಕಥೆಯೊಳಗೆ ಇಳಿದರು. ಟ್ರೇ ಎತ್ತಿದರು. ಮೊದಲ ಲೋಟ ಮುಖ್ಯ ಅತಿಥಿಗಳ ಪಂಚೆಯ ಮೇಲೆ ಹೋಯಿತು. ಎರಡನೆಯದನ್ನು ದೊಡ್ಡಪ್ಪ, ಅಂದರೆ ಸುಬ್ಬಯ್ಯನವರು, ಬಾಯಿ ಬಿಟ್ಟುಕೊಂಡು ಇಸಿದುಕೊಂಡರು. ನಾಯಿಯವರು ಕಾಲಿಗೆ ತೊಡರಿದರು. ಯಾರೋ ಸಕ್ಕರೆ ಕಮ್ಮಿ ಎಂದರು, ಯಾರೋ ಜಾಸ್ತಿ ಎಂದರು. ತಲೆಯೆತ್ತಿ ಯಾವ ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡಲು ಭವ್ಯರಿಗೆ ಪುರಸೊತ್ತೇ ಆಗಲಿಲ್ಲ, ಎಲ್ಲ ಬರೀ ಚಾಚಿದ ಕೈಗಳು.

ಎಂಜಲು ಲೋಟ ಹೊತ್ತು ಬಚ್ಚಲಿಗೆ ಬಂದರು. ಗೋಡೆಯ ಹೊರಗಟ್ಟೆಯಲ್ಲಿ ಒಂದು ಸ್ಟೀಲ್ ಲೋಟ ಬೇರೆಯಾಗಿ ಕವುಚಿ ಬಿದ್ದಿತ್ತು. ಅದು ಯಾರದೆಂದು ಭವ್ಯರಿಗೆ ಚಿಕ್ಕಂದಿನಿಂದ ಗೊತ್ತು. ಅದನ್ನೂ ಉಳಿದವುಗಳ ಜೊತೆ ಹಾಕಿ ತಿಕ್ಕತೊಡಗಿದರು.

ಆಗ ಮೈಕಿನಲ್ಲಿ ಅನಿತಾರ ದನಿ ಕೇಳಿಸಿತು. ಓದುತ್ತಿದ್ದರು. ತಡವರಿಸದೆ, ಯಾರದೋ ಮುಖ ನೋಡಿಕೊಂಡು ಓದುವವರ ಹಾಗೆ. ಅಥವಾ ಕಾದೂ ಕಾದೂ ಹಟ ಬಿಟ್ಟವರ ಹಾಗೆಯೂ ಇರಬಹುದು. ಭವ್ಯ ಕತ್ತು ಚಾಚಿದರು. ಕಂಬ ಕಂಡಿತು, ಶಾಮಿಯಾನದ ಅಂಚು ಕಂಡಿತು, ಮುಂದಿನ ಸಾಲು ಕಾಣಲಿಲ್ಲ. ಅಲ್ಲಿಂದ ಅಂಗಳ ಕಾಣುವುದೇ ಇಲ್ಲ.

ಚಿಕ್ಕಕ್ಕ ಕೂತರೇ ಎಂದು ಕೇಳಬೇಡಿ. ಹೇಳಬೇಕಾದವರು ಲೋಟ ತೊಳೆಯುತ್ತಿದ್ದಾರೆ.

ಮುಂದಿನ ಸಾಲಿನಿಂದ ಯಾರೋ ಕೂಗಿದರು:

"ಇಲ್ಲೊಂದು ಕಾಫಿ ಬರ್ಲಿಲ್ಲ."

ಚಪ್ಪಾಳೆಯ ಸದ್ದಿನಲ್ಲಿ ಅದು ಹೆಣ್ಣಿನ ದನಿಯೋ ಗಂಡಿನದೋ ತಿಳಿಯಲಿಲ್ಲ. ಭವ್ಯ "ಬಂದೆ" ಎಂದು ಒದ್ದೆ ಕೈಯಲ್ಲೇ ಲೋಟಕ್ಕೆ ಕಾಫಿ ಬಗ್ಗಿಸಿ ತಂ