ಮೂರು ಕ್ರೆಡಿಟ್ಟಿನ ಭಾಷೆ

ಡಿಗ್ರಿ ಮುಗಿಯುವ ಮೊದಲೇ ಮದುವೆಯಾಗಿ ರಕ್ಷಾ ಪಾವಗಡದಿಂದ ಪುರವರಕ್ಕೆ ಬಂದಳು. ಓದು ನಿಲ್ಲಬಾರದೆಂದು ಗಂಡ ರೇವಂತ್ ತಾನೇ ಓಡಾಡಿ ಮಧುಗಿರಿಯ ಕಾಲೇಜಿಗೆ ಸೇರಿಸಿದ. ಎಲ್ಲವೂ ಹೊಂದಿಕೊಂಡಿತು, ಭಾಷೆಯೊಂದನ್ನು ಬಿಟ್ಟು. ಪಾವಗಡದಲ್ಲಿ ಅವಳು ತೆಗೆದುಕೊಂಡಿದ್ದು ತೆಲುಗು. ಇಲ್ಲಿ ಅದನ್ನು ಕಲಿಸುವವರಿರಲಿಲ್ಲ. ಆನ್‌ಲೈನಿನಲ್ಲಿ ಓದಿ ಪಾಸಾದರೆ ಆ ಕ್ರೆಡಿಟ್ಟುಗಳನ್ನು ವಿಶ್ವವಿದ್ಯಾಲಯ ಸೇರಿಸಿಕೊಳ್ಳುತ್ತದೆ ಎಂದು ಕಾಲೇಜಿನ ನಾಗಭೂಷಣ್ ಮೇಷ್ಟ್ರು ಹೇಳಿದ್ದೇ ತಡ, ರಕ್ಷಾ ಹುಡುಕಿ ಒಂದು ತೆಲುಗು ಕೋರ್ಸಿಗೆ ಹೆಸರು ಕೊಟ್ಟಳು. ಅವರಿಗೆ ತೋರಿಸಿ ಸೇರಬೇಕೆಂಬುದು ಹೊಳೆಯಲಿಲ್ಲ.

ಮಧ್ಯಾಹ್ನ ಕಾಲೇಜಿನಿಂದ ಬಂದು, ಪಾತ್ರೆ ತೊಳೆದು, ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿ ಪಾಠ ಕೇಳುತ್ತಿದ್ದಳು. ಅತ್ತೆ ಸರಸಮ್ಮ ಅಲ್ಲೇ ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು.

ಕೋರ್ಸು ಮುಗಿಯಿತು, ಸರ್ಟಿಫಿಕೇಟೂ ಬಂತು. ಅದನ್ನು ನೋಡಿ ನಾಗಭೂಷಣ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇಂಥವನ್ನು ನೋಡಿ ನೋಡಿ ಅವರಿಗೂ ಸಾಕಾಗಿತ್ತು.

"ಇದು ಎರಡು ಕ್ರೆಡಿಟ್ಟಿಂದಮ್ಮ. ನಿನಗೆ ಬೇಕಾಗಿರೋದು ಮೂರು. ಯೂನಿವರ್ಸಿಟಿ ಒಪ್ಪಿರೋ ಪಟ್ಟೀಲೂ ಇಲ್ಲ ಇದು."

"ಇನ್ನೊಂದನ್ನ ಸೇರಿಸಿದ್ರೆ ಆಗಲ್ವಾ ಸಾರ್?"

ಆಗುವುದಿಲ್ಲವೆಂದು ತಲೆಯಾಡಿಸಿದರು. ಪಟ್ಟಿಯಲ್ಲಿದ್ದ ಮೂರು ಕ್ರೆಡಿಟ್ಟಿನ ಭಾಷೆಗಳಲ್ಲಿ ತೆಲುಗಿರಲಿಲ್ಲ. ವ್ಯಾವಹಾರಿಕ ಇಂಗ್ಲಿಷ್ ಇತ್ತು. ಈ ಸಲ ರಕ್ಷಾ ಅವರೆದುರೇ ಕೂತು, ಕ್ರೆಡಿಟ್ಟು, ಪರೀಕ್ಷೆ ನಡೆಯುವ ಊರು, ವಿಶ್ವವಿದ್ಯಾಲಯದ ಒಪ್ಪಿಗೆ ಒಂದೊಂದನ್ನೂ ಕೇಳಿ ತಿಳಿದು, ಅದನ್ನೇ ಆರಿಸಿಕೊಂಡಳು. ಊರಿಗೆ ಮರಳುವ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಬೇಕೆನಿಸಲಿಲ್ಲ. ಕೂತರೆ ಮತ್ತೆ ಏಳುವುದು ಕಷ್ಟವೆನಿಸಿತು.

ಮರುದಿನದಿಂದ ಅಡುಗೆಮನೆಯಲ್ಲಿ ಇಂಗ್ಲಿಷಿನ ಪಾಠ ಶುರುವಾಯಿತು. ಕಚೇರಿಗೆ ರಜೆ ಕೇಳಿ ಬರೆಯುವ ಪತ್ರ, ದೂರಿನ ಪತ್ರ. ಮೂರನೆಯ ದಿನ ಸರಸಮ್ಮ ಕೇಳಿದರು:

"ಆ ತೆಲುಗು ಮೇಷ್ಟ್ರು ಬರಲ್ವೇನಮ್ಮ ಇನ್ಮೇಲೆ?"

"ಆ ಪಾಠಕ್ಕೆ ಕ್ರೆಡಿಟ್ ಇಲ್ಲ ಕಣತ್ತೆ. ಓದಿದ್ದೆಲ್ಲ ದಂಡ ಆಗೋಯ್ತು."

"ನಂಗ್ಯಾವ ಕ್ರೆಡಿಟ್ಟು ಬೇಕಮ್ಮ? ಹಾಕ್ಬುಡು, ಕೇಳ್ತೀನಿ."

ಆಗ ತಿಳಿಯಿತು, ಸರಸಮ್ಮನ ತವರೂ ಪಾವಗಡದಂತೆ ಆಂಧ್ರದ ಗಡಿಗೆ ಅಂಟಿಕೊಂಡ ಊರೆಂದು. ಹೊಸದಾಗಿ ಬಂದಾಗ ಬಾಯಿತಪ್ಪಿ ತೆಲುಗು ಆಡಿದರೆ ಓರಗಿತ್ತಿಯರು ಅಣಕಿಸಿ ನಗುತ್ತಿದ್ದರಂತೆ. ಹಾಗಾಗಿ ಬಿಟ್ಟೇಬಿಟ್ಟಿದ್ದರು. ಮಗನಿಗೂ ಒಂದು ಮಾತು ಕಲಿಸಿರಲಿಲ್ಲ. ಇದನ್ನೆಲ್ಲ ಹೇಳುವಾಗ ಅವರ ಕೈ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

ರಕ್ಷಾ ಮೊದಲು ತನ್ನ ಪಾಠ ಮುಗಿಸಿ, ಆಮೇಲೆ ಹಳೆಯ ಪಾಠ ಹಾಕಿಕೊಟ್ಟು ಗೋಡೆಗೊರಗುತ್ತಿದ್ದಳು. ಎಷ್ಟೋ ಸಲ ಅತ್ತೆ ಕೇಳುತ್ತಿರುವಾಗಲೇ ಅವಳಿಗೆ ಜೊಂಪು ಹತ್ತುತ್ತಿತ್ತು. ಎಚ್ಚರಾದಾಗ ಮೇಷ್ಟ್ರು ಹೇಳಿದ್ದನ್ನು ಸರಸಮ್ಮ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು.

ಪರೀಕ್ಷೆಯನ್ನು ತುಮಕೂರಿಗೆ ಹೋಗಿ ಬರೆದು ಬಂದಳು. ಬೇಸಿಗೆಯಲ್ಲಿ ಫಲಿತಾಂಶ ಬಂತು, ಮೂರು ಕ್ರೆಡಿಟ್ಟೂ ಅವಳ ಖಾತೆಗೆ ಸೇರಿದವು. ರೇವಂತ್ ಸ್ವೀಟು ತರುತ್ತೇನೆಂದು ಪೇಟೆಗೆ ಹೊರಟ. ಖುಷಿಯಾಗುತ್ತದೆಂದು ರಕ್ಷಾ ಕಾದಳು, ಮೈಯೆಲ್ಲ ಭಾರವಾಯಿತಷ್ಟೆ. ಮುಂದಿನ ಸೆಮಿಸ್ಟರಿಗೆ ಮತ್ತೊಂದು ಕೋರ್ಸು ಆರಿಸಬೇಕಿತ್ತು.

ಸರಸಮ್ಮ ಅವಳ ಮುಖ ನೋಡಿದರು. ಚಾಪೆ ಬಿಡಿಸಿ, ತೆಲುಗಿನಲ್ಲೇ ಹೇಳಿದರು:

"ಪೋನೀಲೇ ತಲ್ಲೀ. ಕಾಸೇಪು ಪಡುಕೋ."

ಹೋಗಲಿ ಬಿಡು, ಸ್ವಲ್ಪ ಹೊತ್ತು ಮಲಗು ಎಂದ ಆ ಮಾತಿಗೆ ರಕ್ಷಾ ಹೂಂಗುಟ್ಟಿ ಮಲಗಿದಳು.