ಗ್ವಾಂಗ್‌ಝೌ ಚಳಿಗೆ ಸುವಾದಲ್ಲೊಂದು ಕೋಟು

ಫಿಜಿಯ ಸುವಾದ ವೈಮಾನು ರಸ್ತೆಯಲ್ಲಿ ಫೆಬ್ರವರಿಯ ಸೆಕೆಗೆ ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಬೂದುಬಣ್ಣದ ಉಣ್ಣೆಯ ಕೋಟಿಗೆ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಎಡಗಾಲನ್ನು ತುಸು ಎಳೆಯುತ್ತ ತಮ್ಮ ಅಂಗಡಿಯೊಳಗೆ ಓಡಾಡುತ್ತಿದ್ದ ವೃದ್ಧರನ್ನು ಕಂಡು ಹೊಸಬರು ಜ್ವರವಿರಬೇಕೆಂದುಕೊಳ್ಳುತ್ತಿದ್ದರು. ಜ್ವರವಲ್ಲ. ಫೋಂಗ್ ಕಮ್-ತೋಂಗ್ ಅವರು ಬಟ್ಟೆ ತೊಡುತ್ತಿದ್ದುದು ಸುವಾದ ಹವೆಗಲ್ಲ, ದಕ್ಷಿಣ ಚೀನದ ಗ್ವಾಂಗ್‌ಝೌ ಹವೆಗೆ.

ಮೊಳೆ, ಹಗ್ಗ, ಡಬ್ಬಿಮೀನು ಮಾರುವ ಆ ಅಂಗಡಿಯ ಗೋಡೆಯ ಮೇಲೆ, ಹೊರನಾಡಿನ ಚೀನೀಯರಿಗೆಂದೇ ಬೀಜಿಂಗಿನ ಸರ್ಕಾರ ನಡೆಸುವ ವಾಹಿನಿ ದಿನವಿಡೀ ಮಾತಾಡುತ್ತಿತ್ತು. ಅದರ ಉತ್ತರದ ಭಾಷೆ ದಕ್ಷಿಣ ಚೀನದವರಾದ ನಮ್ಮ ಕಿವಿಗೆ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧವನ್ನು ಅವರು ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ ಓದಿಕೊಳ್ಳುತ್ತಿದ್ದರು. ಮಂತ್ರಿಗಳು ಕೈಕುಲುಕುವಾಗ ದನಿ ತಗ್ಗಿಸುತ್ತಿದ್ದರು. ಸಂಜೆ ನಾಲ್ಕೂವರೆಗೆ ಹವಾಮಾನದ ನಕ್ಷೆ ಬಂದೊಡನೆ ಏರಿಸುತ್ತಿದ್ದರು. ಅದನ್ನೂ ನಂಬಬೇಕೇ ದೊಡ್ಡಪ್ಪ ಎಂದು, ಪಕ್ಕದ ಬೇಕರಿಯವನಾದ ನಾನು ಒಮ್ಮೆ ಕೆಣಕಿದ್ದೆ.

"ಚಳಿ ವಿಷಯದಲ್ಲಿ ಸುಳ್ಳು ಹೇಳಿ ಸರ್ಕಾರಕ್ಕೆ ಏನಾಗ್ಬೇಕೋ?" ಎಂದಿದ್ದರು.

ಹೋಯ್‌ಪಿಂಗ್ ಸೀಮೆಯ ಅವರ ಹಳ್ಳಿ ಆ ನಕ್ಷೆಯಲ್ಲಿರಲಿಲ್ಲ. ಗ್ವಾಂಗ್‌ಝೌ ಅಂಕಿಯಿಂದ ಎರಡು ಡಿಗ್ರಿ ತಾವೇ ಕಳೆದು, ಹಳ್ಳಿಯಲ್ಲಿದ್ದ ಅಕ್ಕನಿಗೆ ಕೂಡಲೇ ಫೋನು ಮಾಡಿ, ನಾಳೆ ಚಳಿ, ದಪ್ಪಗೆ ಹೊದ್ದುಕೋ ಎನ್ನುತ್ತಿದ್ದರು. ಚಳಿಯಲ್ಲಿ ಕೂತವಳು ನಾನು, ಅದನ್ನು ಸಮುದ್ರದಾಚೆಯಿಂದ ನೀನು ಹೇಳಬೇಕೇ ಎಂದು ಆಕೆ ಬೈಯುತ್ತಿದ್ದರು. ಹತ್ತೊಂಬತ್ತರ ಹರೆಯದಲ್ಲಿ ಹಡಗು ಹತ್ತಿದ ತಮ್ಮನಿಗೆ ಆ ಕೋಟು ಹೊಲಿದುಕೊಟ್ಟವರೂ ಆಕೆಯೇ.

ಒಂದು ಅಕ್ಟೋಬರಿನಲ್ಲಿ ಅಕ್ಕ ತೀರಿಕೊಂಡರು. ದೊಡ್ಡಪ್ಪನ ಎದೆ ಕೊಯ್ದು ಹೊಲಿದು ಆಗಿನ್ನೂ ಎರಡು ತಿಂಗಳು. ಇಂಥ ಸುದ್ದಿಯನ್ನು ಹಿರಿಯ ಜೀವಕ್ಕೆ ಮುಟ್ಟಿಸದೆ ಕಾಯುವುದು ನಮ್ಮವರ ಹಳೆಯ ಪದ್ಧತಿ. ಅಕ್ಕನ ಮಗಳು ಲೈ-ಸಿಮ್ ನನಗೆ ಫೋನು ಮಾಡಿ, ಮಾವನಿಗೆ ಗೊತ್ತಾಗಬಾರದು ಎಂದು ಬೇಡಿಕೊಂಡಳು, ನಾನು ಒಪ್ಪಿದೆ. ಅಂದಿನಿಂದ ಅಮ್ಮನಿಗೆ ಕಿವಿ ಕೇಳಿಸುವುದಿಲ್ಲವೆಂದು ಹೇಳಿ ಅವಳೇ ಫೋನು ಹಿಡಿದಳು, ಮಾವ ಅವಳಿಗೇ ಚಳಿಯ ವರದಿ ಒಪ್ಪಿಸಿದರು, ನಾನು ಪಕ್ಕದಲ್ಲಿ ಕೂತು ಕಿತ್ತಳೆಸಿಪ್ಪೆಯ ಚಹಾ ಕುಡಿಯುತ್ತ ಕಣ್ಣು ತಪ್ಪಿಸಿದೆ. ಆ ನಾಲ್ಕು ತಿಂಗಳು ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಫೆಬ್ರವರಿಯಲ್ಲಿ ಬಂದ ಚೀನೀ ಹೊಸವರ್ಷದ ಮೂರನೆಯ ದಿನ ಆ ವಾಹಿನಿ, ಹೊರನಾಡಿಗೆ ಹೋದವರ ಹಳ್ಳಿಗಳನ್ನು ತೋರಿಸುತ್ತ, ಯಾವ ಮುನ್ಸೂಚನೆಯೂ ಇಲ್ಲದೆ ಅವರ ಹಳ್ಳಿಯ ಓಣಿಗೇ ನುಗ್ಗಿತು. ದೊಡ್ಡಪ್ಪ ಎದ್ದು ನಿಂತರು. ಬಾವಿ, ಬಿದಿರಮೆಳೆ, ಸಾಲು ಮನೆಗಳು. ಬಾಗಿಲು ಬಾಗಿಲಿಗೂ ಹೊಸ ಕೆಂಪು ಕಾಗದದ ಶುಭನುಡಿ. ಬಾವಿಯಿಂದ ಮೂರನೆಯದಾದ ಅಕ್ಕನ ಮನೆಯ ಬಾಗಿಲು ಮಾತ್ರ ಬೋಳುಮರ. ಸಾವಾದ ಮನೆ ಆ ವರ್ಷ ಕೆಂಪು ಹಚ್ಚುವುದಿಲ್ಲ. ಚಿತ್ರ ಮುಂದೆ ಸರಿಯಿತು. ನಾನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

ದೊಡ್ಡಪ್ಪ ಮತ್ತೆ ಕೂತರು. ನಕ್ಷೆ ಬರುವತನಕ ಕಾದರು, ಎರಡು ಕಳೆದರು, ಫೋನು ಹಚ್ಚಿದರು.

"ಲೈ-ಸಿಮ್, ನಾಳೆ ಏಳೇ ಡಿಗ್ರಿಯಂತೆ. ಅಮ್ಮಂಗೆ ಹೊದ್ಕೊಂಡು ಮಲಕ್ಕೋ ಅಂತ ಹೇಳಮ್ಮ."

ಹೇಳುತ್ತೇನೆ ಮಾವ ಎಂದು ಅವಳೆಂದದ್ದು ನನಗೂ ಕೇಳಿಸಿತು. ಫೋನಿಟ್ಟು ನನ್ನತ್ತ ತಿರುಗಿದರು.

"ನಿಂಗೂ ಗೊತ್ತಿತ್ತು."

ನಾನು ಹೌದೆಂದು ತಲೆಯಾಡಿಸಿದೆ.

"ನಂಗೆ ಗೊತ್ತಾಗಿದ್ದು ಅವಳಿಗೆ ತಿಳೀಬಾರ್ದು. ಇಷ್ಟು ದಿನ ಪಾಪ, ಒಬ್ಬಳೇ ಹೊತ್ಕೊಂಡಿದ್ದಾಳೆ."

ಆಮೇಲೆ ಬಕೆಟ್ಟಿನಲ್ಲಿ ನೀರು ತಂದು, ಅಂಗಡಿಯ ಬಾಗಿಲಿಗೆ ತಾವೇ ಹಚ್ಚಿದ್ದ ಕೆಂಪು ಕಾಗದವನ್ನು ನೆನೆಸಿ, ಉಗುರಿನಿಂದ ಕೆರೆದು ತೆಗೆದರು. ಕೋಟು ಮಾತ್ರ ಬಿಚ್ಚಲಿಲ್ಲ. ಹಗ್ಗ ಕೊಳ್ಳಲು ಬಂದವರು ಬಾಗಿಲ ಕಾಗದವೆಲ್ಲಿ ಎಂದು ಕೇಳಿದ್ದಕ್ಕೆ, ಮಳೆಯ ತೇವಕ್ಕೆ ಬಿಟ್ಟುಕೊಂಡಿತು ಎಂದರು. ಆ ವರ್ಷವಿಡೀ ಸಂಜೆಯ ಫೋನು ಒಂದು ದಿನವೂ ತಪ್ಪಲಿಲ್ಲ.

ದೂರದೇಶದಲ್ಲಿ ಆಯುಷ್ಯ ಸವೆಸಿದ ಇಂಥವರ ಪ್ರೀತಿ ಕಡೆಕಡೆಗೆ ಒಂದು ಪುಟ್ಟ ಸುದ್ದಿಯನ್ನು ಮುಟ್ಟಿಸುವ ಕೆಲಸವಾಗಿ ಉಳಿದುಬಿಡುತ್ತದೆ. ಕೇಳುವವರು ಇಲ್ಲವಾದರೂ ಆ ಕೆಲಸ ಬಿಡಲು ಅವರಿಗೆ ಬರುವುದಿಲ್ಲ. ಅವರನ್ನು ದುಃಖದಿಂದ ಕಾಪಾಡುತ್ತಿದ್ದೇವೆಂದು ನಾವು ಅಂದುಕೊಂಡಿರುತ್ತೇವೆ. ಅವರು ಆ ದುಃಖವನ್ನು ಕೋಟಿನೊಳಗೆ ಗುಂಡಿ ಹಾಕಿಟ್ಟುಕೊಂಡು, ನಮ್ಮ ಸುಳ್ಳಿಗೆ ನೋವಾಗದಂತೆ ನೋಡಿಕೊಳ್ಳುತ್ತಿರುತ್ತಾರೆ.