ಸದ್ದಿಲ್ಲದ ಗೊಂಚಲು

"ಇದು ಸದ್ದು ಮಾಡಬಾರ್ದು, ಅಷ್ಟೇ," ಎಂದು ಗೋದಾವರಿ ಬೀಗದ ಕೈಗಳ ಗೊಂಚಲನ್ನು ಸುಬ್ಬಯ್ಯನ ಎದುರಿನ ಬೆಂಚಿನ ಮೇಲಿಟ್ಟಳು. ಹನ್ನೊಂದು ಬೀಗದ ಕೈಗಳು ಒಂದರ ಮೇಲೊಂದು ಬಿದ್ದು ಝಲ್ಲೆಂದವು. ಪಂಕ್ಚರ್ ಹುಡುಕುತ್ತಿದ್ದ ಸುಬ್ಬಯ್ಯ ಟ್ಯೂಬನ್ನು ನೀರಿನ ಬೋಗುಣಿಯಲ್ಲೇ ಬಿಟ್ಟು ತಲೆಯೆತ್ತಿದ.

"ಬೀಗದ ಕೈ ಅಂದ್ಮೇಲೆ ಸದ್ದು ಮಾಡದೇ ಇರ್ತದಾ ಮಾರಾಯ್ರೆ? ಏನೇನು ಮಾಡಿ ನೋಡಿದ್ರಿ?"

ಅವಳು ಮಾಡದೇ ಬಿಟ್ಟದ್ದು ಯಾವುದೂ ಇರಲಿಲ್ಲ. ಮೊದಲು ರಬ್ಬರ್ ಬ್ಯಾಂಡು ಸುತ್ತಿದ್ದಳು. ಬೇಕಾದ ಕೈ ಹುಡುಕಿ ಎಳೆಯುವ ರಭಸಕ್ಕೆ ಎರಡೇ ದಿನದಲ್ಲಿ ಎಲ್ಲ ಹರಿದು ಉದುರಿದವು. ಆಮೇಲೆ ಹುಡುಗಿಯರ ಹೆಣಿಗೆಯಲ್ಲಿ ಉಳಿದ ಉಲ್ಲನ್ನು ಒಂದೊಂದು ಕೈಯ ತಲೆಗೂ ಸುತ್ತಿದಳು. ಅದು ನೀರಿನ ಟ್ಯಾಂಕಿನ ಹತ್ತಿರ ಒದ್ದೆಯಾಗಿ, ಚಳಿಗಾಲದ ಬಿಸಿಲಿಗೆ ಒಣಗದೆ ಮುಗ್ಗಲು ವಾಸನೆ ಹಿಡಿಯಿತು. ಗೊಂಚಲನ್ನು ಹಳೇ ಕಾಲುಚೀಲದೊಳಗೆ ಇಳಿಬಿಟ್ಟಿದ್ದೂ ಆಯಿತು. ಆಗ ಸದ್ದೇನೋ ನಿಂತಿತು. ಆದರೆ ಬೆಳಿಗ್ಗೆ ಹಾಲಿನವನು ಗೇಟಿನಲ್ಲಿ ಕಾಯುತ್ತ ನಿಂತಾಗ ಚೀಲದಿಂದ ಬೀಗದ ಕೈ ತೆಗೆಯಲಾಗದೆ ಅವಳು ಒದ್ದಾಡುವುದನ್ನು ಕಂಡು ಹುಡುಗಿಯರು ಮುಸಿಮುಸಿ ನಕ್ಕರು. ಗೊಂಚಲನ್ನು ಆಫೀಸಿನಲ್ಲಿ ಬಿಟ್ಟು ಓಡಾಡೋಣವೆಂದರೆ ದಿನಸಿ ಕೋಣೆ, ಔಷಧಿ ಬೀರು, ಮುಂದಿನ ಗೇಟು, ಹಿಂದಿನ ಗೇಟು ಎಲ್ಲದರ ಜವಾಬ್ದಾರಿಯೂ ಅದರಲ್ಲೇ ನೇತಾಡುತ್ತಿತ್ತು.

ಸುಬ್ಬಯ್ಯ ಮೂಲೆಯಲ್ಲಿದ್ದ ಹಳೇ ಸ್ಕೂಟರಿನ ಟ್ಯೂಬೊಂದನ್ನು ಎಳೆದುಕೊಂಡು ಕತ್ತರಿಯಿಂದ ಬೆರಳಗಲದ ಉಂಗುರಗಳನ್ನು ಕತ್ತರಿಸತೊಡಗಿದ. ಒಂದೊಂದು ಬೀಗದ ಕೈಯ ಕುತ್ತಿಗೆಗೂ ಎರಡೆರಡು ಉಂಗುರಗಳನ್ನು ಹಿಗ್ಗಿಸಿ ತೊಡಿಸಿದ. ಮುಗಿದ ಮೇಲೆ ಗೊಂಚಲನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒದ್ದೆ ಬಟ್ಟೆಯ ಮೇಲೆ ಒದ್ದೆ ಬಟ್ಟೆ ಬಿದ್ದಷ್ಟೂ ಸದ್ದಾಗಲಿಲ್ಲ.

"ಕಳ್ಳನ್ನ ಹಿಡಿಯಕ್ಕಾ ಮೇಡಂ?"

"ಹೂಂ, ಹಂಗೇ ಅಂದ್ಕೊಳ್ಳಿ," ಎಂದಳು ಗೋದಾವರಿ.

ಕೊಪ್ಪದ ಹುಡುಗಿಯರ ಹಾಸ್ಟೆಲಿಗೆ ಅವಳು ವಾರ್ಡನ್ ಆಗಿ ಬಂದು ಒಂದೂವರೆ ವರ್ಷವಾಗಿತ್ತು. ಕೆರೆಕಟ್ಟೆ, ಮುತ್ತಿನಕೊಪ್ಪ, ಭಂಡಿಗಡಿ ಕಡೆಯಿಂದ ಕಾಲೇಜಿಗೆಂದು ಬಂದ ಅರವತ್ತೆರಡು ಹುಡುಗಿಯರು ಅಲ್ಲಿದ್ದರು. ಅವಳು ಜಗಲಿಗೆ ಕಾಲಿಡುವ ಮೊದಲೇ ಗೊಂಚಲಿನ ಸದ್ದು ಹೋಗಿ ಸುದ್ದಿ ಮುಟ್ಟಿಸುತ್ತಿತ್ತು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲರ ಮುಂದೆಯೂ ಪುಸ್ತಕ ತೆರೆದಿರುತ್ತಿತ್ತು. "ನೀವು ಬರೋದು ಬಸ್ ಸ್ಟ್ಯಾಂಡಿನ ತನಕ ಕೇಳ್ತದೆ ಮೇಡಮ್ಮಾ," ಎಂದು ಅಡುಗೆಯ ಸಣ್ಣಕ್ಕ ನಗುತ್ತಿದ್ದಳು.

ಅದೇ ಸಣ್ಣಕ್ಕ ಹದಿನೈದು ದಿನದ ಹಿಂದೆ ನಗು ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು ಹೇಳಿದ್ದಳು: ಸಂಜೆ ಐದೂವರೆ ಹೊತ್ತಿಗೆ ಹಿಂದಿನ ಗೇಟಿನ ಹತ್ತಿರ ಯಾರೋ ಬಂದು ನಿಲ್ಲುತ್ತಾರೆ. ಒಳಗಿನಿಂದ ಒಬ್ಬಳು ಹೋಗುತ್ತಾಳೆ. ಮಾತಾಡುವುದು ಕೇಳಿಸುತ್ತದೆ, ಯಾರೆಂದು ಕಾಣುವುದಿಲ್ಲ. ಗೋದಾವರಿ ಎರಡು ಸಲ ಧಾವಿಸಿದ್ದಳು. ಎರಡು ಸಲವೂ ಗೇಟಿನಾಚೆ ಖಾಲಿ ಕಾಲುದಾರಿಯಷ್ಟೇ ಕಂಡಿತ್ತು.

ಹಿಂದೆ ಬೇರೊಂದು ಊರಿನ ಹಾಸ್ಟೆಲಿನಲ್ಲಿದ್ದಾಗ ಒಬ್ಬ ಹುಡುಗಿ ಯಾರದೋ ಜೊತೆ ಹೋಗಿಬಿಟ್ಟಿದ್ದಳು. ಗೋದಾವರಿಗೆ ನೋಟಿಸು ಬಂತು. ಎಂಟು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದು, ಉತ್ತರ ಬರೆದೂ ಬರೆದೂ ಸಾಕಾಗಿತ್ತು. ಆದರೂ ಅದು ಮರೆಯುವಂಥದ್ದೇ. ಆ ಹುಡುಗಿಯ ತಾಯಿ ಆಫೀಸಿನ ಬಾಗಿಲಲ್ಲಿ ಕೂತು, "ನಿಮ್ಮನ್ನ ನಂಬಿ ಬಿಟ್ಟಿದ್ವಲ್ಲಮ್ಮಾ," ಎಂದದ್ದು ಮಾತ್ರ ಮರೆಯುವಂತಿರಲಿಲ್ಲ.

ರಬ್ಬರ್ ತೊಟ್ಟ ಗೊಂಚಲು ಮೊದಲ ದಿನವೇ ಕೆಲಸ ಮಾಡಿತು. ಎರಡನೇ ಕೋಣೆಯಲ್ಲಿ ಒಬ್ಬಳು ಸೊಂಟಕ್ಕೆ ನಾಲ್ಕು ಚಮಚ ಸಿಕ್ಕಿಸಿಕೊಂಡು, ಎದೆ ಸೆಟೆಸಿ, ಗೋದಾವರಿ ನಡೆದಂತೆಯೇ ನಡೆಯುತ್ತಿದ್ದಳು. ಉಳಿದವರು ಹಾಸಿಗೆಯ ಮೇಲೆ ಬಿದ್ದು ನಗುತ್ತಿದ್ದರು. ಬಾಗಿಲಲ್ಲಿ ನಿಂತವಳನ್ನು ಕಂಡದ್ದೇ ಚಮಚಗಳು ನೆಲಕ್ಕುರುಳಿದವು. ಮರುದಿನ ದಿಂಬಿನ ಅಡಿಯಿಂದ ಎರಡು ಮೊಬೈಲು ಸಿಕ್ಕವು. ಅದರ ಮರುದಿನದಿಂದ ಜಗಲಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕೂತವರು ತುತ್ತಿಗೊಮ್ಮೆ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು. ತಟ್ಟೆಗಳ ಸದ್ದಷ್ಟೇ ಕೇಳುವ ಆ ಊಟದ ಮನೆಯಲ್ಲಿ ನಿಂತು ಗೋದಾವರಿಗೆ ತಾನು ಗೆದ್ದೆನೆಂದೇನೂ ಅನ್ನಿಸಲಿಲ್ಲ. ಸಾರು ಬಡಿಸುತ್ತಿದ್ದ ಸಣ್ಣಕ್ಕ ಮಾತ್ರ, "ಈಗ ಶಿಸ್ತು ಬಂತು ನೋಡಿ," ಎಂದಳು.

ಮಾರನೇ ಸಂಜೆ ಗೋದಾವರಿ ಅಡುಗೆಮನೆಯ ಹಿಂದಿನಿಂದ, ಸೌದೆ ಕೊಟ್ಟಿಗೆಯ ಪಕ್ಕ ಹಾದು ಹಿಂದಿನ ಗೇಟಿನ ಕಡೆ ಹೋದಳು.  ಹುಡುಗನಿಗೆ ಏನು ಹೇಳಬೇಕು, ಯಾರಿಗೆ ಫೋನ್ ಮಾಡಬೇಕು ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಕೊಟ್ಟಿಗೆಯ ಮೂಲೆಗೆ ಬಂದವಳು ಹಾಗೇ ನಿಂತಳು.

ಗೇಟಿಗೆ ಬೆನ್ನು ಹಾಕಿ, ತಲೆ ಬಗ್ಗಿಸಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಶಿಲ್ಪಶ್ರೀ ಕೂತಿದ್ದಳು. ಕೆರೆಕಟ್ಟೆಯ ಕಡೆಯ ಹುಡುಗಿ, ಪಿಯುಸಿ ಎರಡನೇ ವರ್ಷ. ಗೇಟಿನಾಚೆ ಒಬ್ಬ ಹೆಂಗಸು ನಿಂತು, ಕಂಬಿಗಳ ನಡುವೆ ಎರಡೂ ಕೈ ತೂರಿಸಿ ಅವಳ ತಲೆ ಬಾಚುತ್ತಿದ್ದಳು.

"ಅಲ್ಲಾಡಬೇಡ. ಎಣ್ಣೆ ಹಚ್ಕೊಳ್ಳಲ್ವಾ ನೀನು? ಕತ್ತದ ನಾರಾಗಿದೆ."

"ಹಚ್ಕೋತೀನಮ್ಮ. ಬೇಗ ಬೇಗ. ಮೇಡಂ ಬಂದ್ರೂ ಈಗ ಗೊತ್ತಾಗಲ್ಲ."

"ಆಯ್ತು, ಒಂದೇ ಜಡೆ ಬಾಕಿ. ಬೆಳಿಗ್ಗೆ ತಿಂಡಿ ಎಂಥದ್ದಿತ್ತು?"

ಗೋದಾವರಿಗೆ ಜೂನ್ ತಿಂಗಳ ಒಂದು ಕಾಗದ ನೆನಪಾಯಿತು. ಶಿಲ್ಪಶ್ರೀಯ ತಂದೆ ಧರ್ಮೇಶ ಪ್ರವೇಶದ ಅರ್ಜಿಯ ಕೆಳಗೆ ಕೈಯಾರೆ ಬರೆದಿದ್ದ: 'ಹುಡುಗಿಯ ತಾಯಿ ನಮ್ಮನ್ನು ಬಿಟ್ಟು ಹೋಗಿರುತ್ತಾಳೆ. ಅವಳಿಗೆ ಭೇಟಿ ಕೊಡಬಾರದು.' ಅದರ ಪಕ್ಕದಲ್ಲಿ ಗೋದಾವರಿಯ ಸಹಿ ಇತ್ತು. ಆ ತಾಯಿ ಪ್ರೇಮ ಈಗ ಕೊಪ್ಪದ್ದೇ ಒಂದು ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದಾಳೆಂದು ಯಾರೋ ಹೇಳಿದ್ದರು.

ಗೋದಾವರಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹಿಂದಕ್ಕೆ ಸರಿದಳು. ಗೊಂಚಲು ಸೊಂಟಕ್ಕಂಟಿಕೊಂಡು ಸುಮ್ಮನಿತ್ತು.

"ಸಿಕ್ಕಿದ್ನಾ?" ಎಂದು ಸಣ್ಣಕ್ಕ ಕೇಳಿದಳು.

"ಯಾರೂ ಇಲ್ಲ ಅಲ್ಲಿ. ನಿನ್ನ ಭ್ರಮೆ."

ಮರುದಿನ ಶಿಲ್ಪಶ್ರೀಯನ್ನು ಕರೆದು ಕೇಳಬೇಕೆಂದುಕೊಂಡಳು, ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಐದೂವರೆಯಾದರೆ ಅವಳಿಗೆ ಆಫೀಸಿನಲ್ಲೇ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ನಿಯಮ ಮುರಿಯುತ್ತಿದ್ದೇನೆ ಎಂದು ಒಳಗೇ ಕುಟುಕುತ್ತಿತ್ತು. ನೋಡಿಲ್ಲವಲ್ಲ, ನೋಡದೇ ಇದ್ದದ್ದಕ್ಕೆ ಯಾರು ಕೇಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಗುರುವಾರ ಸಂಜೆ ಧರ್ಮೇಶ ಬಂದ. ಕಾಡಿನಂಚಿನ ಊರಿನಿಂದ ಎರಡು ಬಸ್ಸು ಬದಲಿಸಿ ಬಂದವನ ಅಂಗಿಯ ತುಂಬ ಧೂಳು. ಕೈಯಲ್ಲೊಂದು ಬಟ್ಟೆಯ ಚೀಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಅವಳು ಇಲ್ಲಿಗೆ ಬತ್ತಾಳಂತಲ್ಲ ಮೇಡಂ?"

"ಯಾರು?"

"ಹೆಸರು ಹೇಳಕ್ಕೆ ನಂಗೆ ಇಷ್ಟ ಇಲ್ಲ. ಹಿಂದಿನ ಗೇಟಿಗಂತೆ. ನಮ್ಮೂರೋರು ಕಣ್ಣಾರೆ ನೋಡಿದಾರೆ."

"ಕಾಫಿ ತರಿಸ್ತೀನಿ, ಕೂತ್ಕೊಂಡು ಮಾತಾಡಣ," ಎಂದು ಗೋದಾವರಿ ಎದ್ದಳು. ಗೋಡೆಯ ಗಡಿಯಾರದಲ್ಲಿ ಐದೂ ನಲವತ್ತಾಗಿತ್ತು. ಧರ್ಮೇಶನೂ ಅದನ್ನೇ ನೋಡಿದ. ಹೊರಬಿದ್ದು ಕಟ್ಟಡದ ಮಗ್ಗುಲಿನಿಂದ ಬಿರಬಿರನೆ ಹಿಂದಕ್ಕೆ ನಡೆದ. ಗೋದಾವರಿ ಅವನ ಹಿಂದೆಯೇ ಓಡಿದಳು. ಕೂಗಿ ಹೇಳಬಹುದಿತ್ತು, ಏನೆಂದು ಕೂಗುವುದೋ ತೋಚಲಿಲ್ಲ. ಸೊಂಟದಲ್ಲಿ ಹನ್ನೊಂದು ಬೀಗದ ಕೈಗಳು ಕುಣಿಯುತ್ತಿದ್ದರೂ ಒಂದಾದರೂ ಬಾಯಿ ಬಿಡಲಿಲ್ಲ.

ಕೊಟ್ಟಿಗೆಯ ಮೂಲೆ ತಿರುಗಿದಾಗ ಶಿಲ್ಪಶ್ರೀಯ ಒಂದು ಜಡೆ ಮುಗಿದಿತ್ತು. ಇನ್ನೊಂದು ಅರ್ಧಕ್ಕೆ ಪ್ರೇಮಳ ಕೈಯಲ್ಲಿತ್ತು.

"ಶಿಲ್ಪಾ," ಎಂದ ಧರ್ಮೇಶ. ದನಿ ಎತ್ತರಿಸಿರಲಿಲ್ಲ. "ಸಾಮಾನು ಕಟ್ಕೋ. ಊರಿಗೆ ಹೋಗಣ. ಓದಿದ್ದು ಸಾಕು."

ಹುಡುಗಿ ಎದ್ದು ನಿಂತಳು. ಅವಳ ಕೂದಲು ಇನ್ನೂ ತಾಯಿಯ ಬೆರಳುಗಳ ನಡುವೆಯೇ ಇತ್ತು. ಪ್ರೇಮ ಬಿಡಲಿಲ್ಲ, ಬಿಡಬೇಕೆಂದು ಅವಳಿಗೆ ಹೊಳೆದಂತೆಯೂ ಕಾಣಲಿಲ್ಲ. ಧರ್ಮೇಶ ಗೋದಾವರಿಯ ಕಡೆ ತಿರುಗಿದ.

"ನಾನು ಬರ್ದು ಕೊಟ್ಟಿದ್ದೆ. ನೀವು ಸಹಿ ಹಾಕಿದ್ರಿ. ಇದು ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಯ ತನಕ ಬಂತು. ಅದರ ಹಿಂದೆಯೇ ಕಚೇರಿಯ ಬೆಂಚುಗಳು, ಎಂಟು ತಿಂಗಳು, ಉತ್ತರ ಬರೆದ ಹಾಳೆಗಳು ಕಣ್ಣ ಮುಂದೆ ಬಂದವು. ಶಿಲ್ಪಶ್ರೀ ಅವಳನ್ನೇ ನೋಡುತ್ತಿದ್ದಳು.

"ಗೊತ್ತಿತ್ತು," ಎಂದಳು ಗೋದಾವರಿ. "ನಾನೇ ಅವ್ರಿಗೆ ಬರಕ್ಕೆ ಹೇಳಿದ್ದು."

"ನೀವಾ?"

"ಹೂಂ. ದೂರು ಕೊಡದಾದ್ರೆ ನನ್ ಮೇಲೆ ಕೊಡಿ. ಬರೆಯಕ್ಕೆ ಕಾಗದ ನಾನೇ ಕೊಡ್ತೀನಿ. ಆ ಕೂಸಿನ ಓದು ಮಾತ್ರ ಬಿಡಿಸಬೇಡಿ."

ಧರ್ಮೇಶ ಗೇಟಿನ ಕಡೆ ಕೈ ತೋರಿಸಿದ. "ಇವಳು ಬಿಟ್ಟು ಹೋದಾಗ ಈ ಹುಡುಗಿಗೆ ಮೈ ಸುಡೋ ಜ್ವರ, ಗೊತ್ತುಂಟಾ ನಿಮಗೆ? ಅಮ್ಮ ಎಲ್ಲಿ ಅಮ್ಮ ಎಲ್ಲಿ ಅಂತಿತ್ತು. ನಾ ಎಂಥ ಹೇಳ್ಬೇಕಿತ್ತು? ಮೂರು ವರ್ಷ ನಾನೇ ತಲೆ ಬಾಚಿದೀನಿ. ಜಡೆ ಹಾಕಕ್ಕೆ ಬತ್ತಿರ್ಲಿಲ್ಲ ನಂಗೆ. ಕಲ್ತೆ." ಅಷ್ಟು ಹೇಳಿ ಅವನು ಮುಖ ಬೇರೆ ಕಡೆ ತಿರುಗಿಸಿದ.

"ಜ್ವರ ಅಂತ ನಂಗೆ ಗೊತ್ತಿರ್ಲಿಲ್ಲ," ಎಂದಳು ಪ್ರೇಮ. ಅವನು ಬಂದಮೇಲೆ ಅವಳು ಬಾಯಿ ತೆರೆದದ್ದು ಆಗಲೇ. "ಆಮೇಲೆ ಎರಡು ಸಲ ಬಂದೆ. ನಿಮ್ಮಮ್ಮ ಬಾಗಿಲು ತೆಗೀಲಿಲ್ಲ."

 ಸಣ್ಣಕ್ಕ ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡಿ ಮರೆಯಾದಳು. ಶಿಲ್ಪಶ್ರೀ ತಾಯಿಯ ಬೆರಳುಗಳಿಂದ ಕೂದಲನ್ನು ಮೆಲ್ಲನೆ ಬಿಡಿಸಿಕೊಂಡು ತಂದೆಯ ಹತ್ತಿರ ಬಂದಳು.

"ಅಪ್ಪ, ನಾ ಈಗ ಬರಲ್ಲ. ಮಾರ್ಚಲ್ಲಿ ಪರೀಕ್ಷೆ."

"ಅಂದ್ರೆ ನೀನೂ..."

"ಬಿಟ್ಟು ಹೋಗ್ತಾ ಇಲ್ಲ ಅಪ್ಪ ನಾನು. ಶನಿವಾರ ಮನೆಗೆ ಬತ್ತೀನಲ್ಲ, ಯಾವಾಗಲೂ ಬಂದಂಗೆ."

ಧರ್ಮೇಶ ಮಗಳ ಮುಗಿದ ಜಡೆಯನ್ನೂ, ಭುಜದ ಮೇಲೆ ಹರಡಿಕೊಂಡಿದ್ದ ಇನ್ನರ್ಧವನ್ನೂ ನೋಡಿದ.  ಆಮೇಲೆ ಕೈಯಲ್ಲಿದ್ದ ಚೀಲ ಈಗಷ್ಟೇ ನೆನಪಾದವನಂತೆ ಅದನ್ನು ಅವಳ ಕಡೆ ಚಾಚಿದ.

"ಅಜ್ಜಿ ಕಡುಬು ಮಾಡಿ ಕೊಟ್ಟಿದ್ದು. ಹಳಸೋದ್ರೊಳಗೆ ತಿನ್ನು. ಎಲ್ರಿಗೂ ಹಂಚ್ಬೇಡ, ನೀನೂ ತಿನ್ನು." ಗೋದಾವರಿಯ ಮುಖ ನೋಡದೆಯೇ, "ಕಾಗದದ ವಿಷ್ಯ ಆಮೇಲೆ ನೋಡ್ತೀನಿ. ನಂಗೆ ಬಸ್ಸಿದೆ," ಎಂದ.

ಅವನು ನೋಡುತ್ತಾನೋ ಬಿಡುತ್ತಾನೋ, ದೂರು ಬರೆದೇ ಬರೆಯುತ್ತಾನೋ ಗೋದಾವರಿಗೆ ತಿಳಿಯಲಿಲ್ಲ. ಬಂದದ್ದನ್ನು ಎದುರಿಸಬೇಕು, ಅಷ್ಟೇ. ಅವನ ಹೆಜ್ಜೆಯ ಸದ್ದು ಮುಂದಿನ ಗೇಟು ದಾಟುವ ತನಕ ಕಾದು, ಅವಳು ಸೊಂಟದಿಂದ ಗೊಂಚಲು ತೆಗೆದಳು. ಹಿಂದಿನ ಗೇಟಿನ ಬೀಗ ಮಳೆಗಾಲದಿಂದ ತೆಗೆದದ್ದೇ ಇಲ್ಲ, ತುಕ್ಕು ಹಿಡಿದಿತ್ತು. ಎರಡು ಸಲ ತಿರುಗಿಸಿದರೂ ಜಗ್ಗಲಿಲ್ಲ. ಮೂರನೆಯ ಸಲಕ್ಕೆ ಬೀಗ ಕಳಚಿಕೊಂಡಿತು.

"ಒಳಗೆ ಬನ್ನಿ. ಕಂಬಿ ಸಂದಿಯಿಂದ ಕೈ ತೂರಿಸಿದ್ರೆ ಜಡೆ ನೆಟ್ಟಗೆ ಬರಲ್ಲ."

ಪ್ರೇಮ ಹೊಸ್ತಿಲು ದಾಟುವವಳಂತೆ ಹೆದರಿ ಹೆದರಿ ಒಳಗೆ ಕಾಲಿಟ್ಟಳು. ಅವಳ ಮಣಿಕಟ್ಟಿನ ಮೇಲೆ ಕಂಬಿ ಉಜ್ಜಿದ ಕೆಂಪು ಗೆರೆಗಳಿದ್ದವು. ಬೆರಳ ಸಂದಿಯಲ್ಲಿ ದೋಸೆ ಹಿಟ್ಟು ಒಣಗಿತ್ತು.

"ಎಷ್ಟು ಹೊತ್ತು ಇರ್ಬಹುದು ಮೇಡಂ?"

"ಏಳಕ್ಕೆ ಊಟದ ಬೆಲ್ಲು. ಅಲ್ಲಿ ತನಕ ಇರಿ. ಕ್ಯಾಂಟೀನಿನೋರು ಬೈತಾರಾ?"

"ಬೈಲಿ ಬಿಡಿ. ಒಂದಿನ ತಾನೆ."

ಅವಳು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಶಿಲ್ಪಶ್ರೀ ಕೆಳಗಿನ ಮೆಟ್ಟಿಲಲ್ಲಿ, ತಾಯಿಯ ಎರಡು ಮೊಣಕಾಲುಗಳ ನಡುವೆ ಕೂತು ಕಡುಬಿನ ಎಲೆ ಬಿಚ್ಚಿದಳು. ಪ್ರೇಮ ಅರ್ಧಕ್ಕೆ ನಿಂತಿದ್ದ ಜಡೆಗೆ ಕೈ ಹಾಕಿದವಳು ಅದನ್ನು ಬಿಟ್ಟು, ಮುಗಿದಿದ್ದ ಇನ್ನೊಂದು ಜಡೆಯನ್ನು ಕೈಗೆತ್ತಿಕೊಂಡು ನೋಡಿದಳು. ಅದರ ರಿಬ್ಬನ್ನು ಎಳೆದು, ತುದಿಯಿಂದ ಬುಡದವರೆಗೆ ನಿಧಾನವಾಗಿ ಬಿಚ್ಚಿದಳು. ಆಮೇಲೆ ಬಾಚಣಿಗೆಯ ಮೂಲೆಯಿಂದ ಬೈತಲೆ ತೆಗೆದು, ಮೊದಲಿಂದ ಶುರುಮಾಡಿದಳು.